ಅಳತೆ ಬ್ಲೌಸು ಹಳೇದಾಯ್ತು, ತಲೆ ಕೆರೀತಿದೆ. 47ಕ್ಕೆ ಡೈ ಬಿಡ್ಲಾ, ಬೇಡ್ವಾ?

ಅಳತೆಬ್ಲೌಸು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ಅಕ್ಕನ ಮಗಳ ಮದುವೆಗೆ ಬ್ಲೌಸ್ ಹೊಲಿಸೋಕೆ ಹೋಗಿದ್ದೆ. ಯಾವತ್ತಿನ ಹಾಗೆ ಅಳತೆ ಬ್ಲೌಸ್ ಕೊಟ್ಟೆ. ಟೈಲರ್ ಅದನ್ನ ಒಳಮೈ ತಿರುಗಿಸಿ, ಪಕ್ಕದ ಹೊಲಿಗೆ ನೋಡಿ, "ಮೇಡಂ, ಇದಕ್ಕೆ ಮೂರು ಸಲ ಹೊಲಿಗೆ ಬಿಚ್ಚಿದೀನಿ, ಒಳಗೆ ಇನ್ನು ಬಟ್ಟೆ ಇಲ್ಲ. ಇದು ಅಳತೆ ಬ್ಲೌಸಲ್ಲ, ನೆನಪಿನ ಕಾಣಿಕೆ" ಅಂದ್ರು. ಅಂಗಡೀಲಿದ್ದ ಇಬ್ಬರು ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಕನ್ನಡಿ ಮುಂದೆ ನಿಂತಾಗ ನಗು ಬರಲಿಲ್ಲ.

ಆ ಬ್ಲೌಸು 2011ರದ್ದು. ನನ್ನ ಕ್ಲಿಪ್ಪು, ಕಾಡಿಗೆ, ಮರೂನ್ ಲಿಪ್‌ಸ್ಟಿಕ್ ಎಲ್ಲಾ ಆ ಕಾಲದ್ದೇ. ಡಿಗ್ರಿ ಓದೋ ಮಗಳು ಲಿಪ್‌ಸ್ಟಿಕ್ ತಿರುಗಿಸಿ ನೋಡಿ, "ಅಮ್ಮಾ, ಇದರ ಅವಧಿ ಮುಗಿದಾಗ ನಾನು ಪ್ರೈಮರಿ ಸ್ಕೂಲಲ್ಲಿದ್ದೆ" ಅಂತಾಳೆ.

ಅಸಲಿ ವಿಷಯ ಡೈ. ಹನ್ನೆರಡು ವರ್ಷದಿಂದ ಮೂರು ವಾರಕ್ಕೊಮ್ಮೆ ಮನೇಲೇ ಹಚ್ಕೋತೀನಿ. ಕಳೆದ ಎರಡು ಸಲ ಕಿವಿ ಹಿಂದೆ ಕೆರೆತ. ಈ ಸಲ ಮಾರನೇ ದಿನ ಕಣ್ಣುರೆಪ್ಪೆ ಊದಿಕೊಂಡಿತ್ತು. ನಿದ್ದೆ ಕಮ್ಮಿ ಅಂದ್ರು ಯಜಮಾನರು. ಬಿಟ್ಟುಬಿಡೋಣ ಅನ್ಸುತ್ತೆ, ಆದರೆ ಮದುವೆಗೆ ಹತ್ತೇ ವಾರ. ಅಕ್ಕ ಅಂತೂ "ಫೋಟೋದಲ್ಲಿ ನನಗಿಂತ ದೊಡ್ಡೋಳ ಥರ ಕಾಣ್ತೀಯ, ಆಲ್ಬಂ ಕೆಡಿಸ್ಬೇಡ" ಅಂತ ಮೊದಲೇ ಎಚ್ಚರಿಕೆ ಕೊಟ್ಟಿದಾಳೆ.

ಈ ವಯಸ್ಸಲ್ಲಿ ಎಲ್ಲಿಂದ ಶುರು ಮಾಡಿದ್ರಿ ನೀವೆಲ್ಲ?

ಸೀಗೆಪುಡಿ
"ನೆನಪಿನ ಕಾಣಿಕೆ" 😂 ಆ ಟೈಲರ್ ನಂಬರ್ ಕೊಡಿ ಮೊದಲು.

ತುಮಕೂರು ಪಾರ್ಲರಮ್ಮ
ನಗೋ ವಿಷಯ ಆಮೇಲೆ. ಅಕ್ಕಾ, ರೆಪ್ಪೆ ಊದೋದು ನಿದ್ದೆಗಲ್ಲ. ಇಪ್ಪತ್ತೆರಡು ವರ್ಷದಿಂದ ಪಾರ್ಲರ್ ನಡೆಸ್ತಿದೀನಿ, ಇದನ್ನ ಎಷ್ಟೋ ಸಲ ನೋಡಿದೀನಿ. ಡೈ ಅಲರ್ಜಿ ತಲೇಲಿ ಕಮ್ಮಿ ಕಾಣುತ್ತೆ. ತೆಳು ಚರ್ಮ ಇರೋ ರೆಪ್ಪೆ, ಕಿವಿ, ಕತ್ತಲ್ಲಿ ಜಾಸ್ತಿ ಕಾಣುತ್ತೆ. ನಮ್ಮ ಒಬ್ಬರು ಗಿರಾಕಿ "ಸ್ವಲ್ಪ ಕೆರೆತ ಅಷ್ಟೇ, ನಾಳೆ ಗೃಹಪ್ರವೇಶ ಇದೆ, ಹಚ್ಚು" ಅಂತ ಹಠ ಹಿಡಿದ್ರು. ನಾನು ಆಗಲ್ಲ ಅಂದೆ. ಪಕ್ಕದ ಬೀದಿಗೆ ಹೋಗಿ ಹಚ್ಚಿಸ್ಕೊಂಡ್ರು. ಗೃಹಪ್ರವೇಶದ ದಿನ ಕಣ್ಣು ಬಿಡೋಕಾಗದೆ ಒಳಕೋಣೇಲಿ ಮಲಗಿದ್ರು, ಹಾಲು ಉಕ್ಕಿಸಿದ್ದು ನಾದಿನಿ.

ಇನ್ನೊಂದು ಸಲ ಹಚ್ಬೇಡಿ. "ಸ್ವಲ್ಪವೇ ಹಚ್ತೀನಿ" ಅಂತಲೂ ಬೇಡ.

ಕೆಮಿಸ್ಟ್ರಿ ಮೇಷ್ಟ್ರು
ಪಾರ್ಲರಮ್ಮ ಹೇಳಿದ್ದು ಸರಿ, ಕಾರಣ ನಾನು ಸೇರಿಸ್ತೀನಿ. ಕಪ್ಪು ಡೈಯಲ್ಲಿ ಬಣ್ಣ ಕೊಡೋದು ಪ್ಯಾರಾಫೆನಿಲೀನ್‌ಡೈಅಮೈನ್, ಗಿಡ್ಡ ಹೆಸರು ಪಿಪಿಡಿ. ಜೊತೆಗಿರೋ ಇನ್ನೊಂದು ಬಾಟಲಿ ಹೈಡ್ರೋಜನ್ ಪೆರಾಕ್ಸೈಡ್. ಎರಡೂ ಸೇರಿ ಕೂದಲೊಳಗೆ ಬಣ್ಣ ಕಟ್ಟುತ್ತೆ. ಈ ಅಲರ್ಜಿ ಮೊದಲ ದಿನವೇ ಬರಬೇಕು ಅಂತೇನಿಲ್ಲ. ಹತ್ತು ವರ್ಷ ಸುಮ್ಮನಿದ್ದು ಆಮೇಲೆ ಬರಬಹುದು, ಒಮ್ಮೆ ಬಂದ್ರೆ ಸಾಮಾನ್ಯವಾಗಿ ಜೀವಮಾನ ಪೂರ್ತಿ ಇರುತ್ತೆ. ಹಚ್ಚಿದ ತಕ್ಷಣ ಅಲ್ಲ, ಒಂದೆರಡು ದಿನ ಬಿಟ್ಟು ಜೋರಾಗುತ್ತೆ. ಪೆಟ್ಟಿಗೆ ಮೇಲೆ 48 ಗಂಟೆ ಮುಂಚೆ ಪರೀಕ್ಷೆ ಮಾಡಿ ಅಂತ ಬರೆದಿರೋದು ಅದಕ್ಕೇ. ಯಾರೂ ಓದಲ್ಲ. ಓದೋಕೆ ಚಾಳೀಸು ಹುಡುಕಬೇಕು ಬೇರೆ.

"ಅಮೋನಿಯಾ ಇಲ್ಲ" ಅನ್ನೋದನ್ನ ನಂಬಿ ಮೋಸ ಹೋಗ್ಬೇಡಿ. ಅಮೋನಿಯಾ ಇಲ್ಲದಿದ್ರೂ ಪಿಪಿಡಿ ಇರಬಹುದು. ಬೇಗ ಕಪ್ಪಾಗೋ "ಕಪ್ಪು ಮೆಹಂದಿ" ಪ್ಯಾಕೆಟ್ಟುಗಳಲ್ಲೂ ಬಹಳಷ್ಟು ಸಲ ಅದೇ ಇರುತ್ತೆ. ಗೋರಂಟಿ ಎಲೆಯಲ್ಲಿರೋ ಲಾಸೋನ್ ಕೆಂಪು-ಕಿತ್ತಳೆ ಬಣ್ಣ ಮಾತ್ರ ಕೊಡುತ್ತೆ. ಬರೀ ಗೋರಂಟಿಯಿಂದ ಕಾಲು ಗಂಟೇಲಿ ಕಪ್ಪು ಬಂತು ಅಂದ್ರೆ ಅದರಲ್ಲಿ ಬೇರೆ ಏನೋ ಬೆರೆಸಿದಾರೆ ಅಂತಲೇ ಅರ್ಥ.

ಮಲೆನಾಡ ಗರುಗ
ಈ ರಾಸಾಯನಿಕದ ಸಹವಾಸವೇ ಬೇಡ ಮಾರಾಯ್ತಿ. ಗರುಗದ ಸೊಪ್ಪು ಜಜ್ಜಿ ಕೊಬ್ಬರಿ ಎಣ್ಣೇಲಿ ಕಾಯಿಸಿ ಹಚ್ಚು. ದಾಸವಾಳದ ಎಲೆ ಲೋಳೆ ಇಲ್ಲಾ ಮತ್ತಿ ಸೊಪ್ಪಿನ ಲೋಳೇಲಿ ತಲೆಸ್ನಾನ. ನಮ್ಮಜ್ಜಿಗೆ 80ಕ್ಕೂ ಕೂದಲು ಕಪ್ಪಿತ್ತು.

ಬೋಳುಗುಡ್ಡ
> ನಮ್ಮಜ್ಜಿಗೆ 80ಕ್ಕೂ ಕೂದಲು ಕಪ್ಪಿತ್ತು

ಅದೇ ಎಣ್ಣೆ ನಮ್ಮಜ್ಜನೂ ಹಚ್ತಿದ್ರು. 40ಕ್ಕೇ ತಲೆ ಮೇಲೆ ಎಣ್ಣೆ ಮಾತ್ರ ಉಳಿದಿತ್ತು.

ಮಲೆನಾಡ ಗರುಗ
ಹಚ್ಚೋ ಕ್ರಮ ಸರಿ ಇರಲಿಲ್ಲ ಅನ್ಸುತ್ತೆ.

ಚರ್ಮದ ಡಾಕ್ಟ್ರಮ್ಮ
ತಾಲೂಕು ಊರಲ್ಲಿ ಚರ್ಮವೈದ್ಯೆ ನಾನು. ಎಣ್ಣೆ, ಲೋಳೆ ಎಲ್ಲ ಕೂದಲನ್ನ ನಯ ಮಾಡುತ್ತೆ, ಸಿಕ್ಕು ಬಿಡಿಸುತ್ತೆ, ಬಿಡಿ ಅಂತ ನಾನು ಹೇಳಲ್ಲ. ನರೆತದ್ದನ್ನ ಮತ್ತೆ ಕಪ್ಪು ಮಾಡಲ್ಲ, ಅಷ್ಟೇ. ನರೆ ಯಾವಾಗ ಬರುತ್ತೆ ಅನ್ನೋದು ಬಹುಪಾಲು ಮನೆತನದಿಂದ ಬರೋದು. ಅಜ್ಜಿಗೆ ಕಪ್ಪಿದ್ದದ್ದು ಅಜ್ಜಿಯ ಅಮ್ಮನ ಪುಣ್ಯ.

ಅಳತೆಬ್ಲೌಸು ಅವರೇ, ಹತ್ತಿರದ ಚರ್ಮವೈದ್ಯರ ಹತ್ರ ಪ್ಯಾಚ್ ಪರೀಕ್ಷೆ ಮಾಡಿಸಿ. ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ನೋಡ್ತಾರೆ. ಹಾಗೇ ಕೂದಲು ಉದುರ್ತಿದ್ರೆ ಥೈರಾಯ್ಡ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12 ನೋಡಿಸಿ. 45 ದಾಟಿದ ಮೇಲೆ ಎಲ್ಲಾನೂ "ವಯಸ್ಸಾಯ್ತಲ್ಲ" ಅಂತ ಬಿಡ್ತಾರೆ, ರಕ್ತ ನೋಡಿದ್ರೆ ಕಬ್ಬಿಣ ತಳ ಕಂಡಿರುತ್ತೆ. ಮುಟ್ಟು ನಿಲ್ಲೋ ಹೊತ್ತಲ್ಲಿ ರಕ್ತ ಹೆಚ್ಚು ಹೋಗೋರಲ್ಲಂತೂ ಇನ್ನೂ ಜಾಸ್ತಿ.

ಧಾರವಾಡದಾಕಿ
ನಾ ಡೈ ಬಿಟ್ಟು ಎರಡ ವರ್ಷ ಆತು ನೋಡ್ರಿ. ಮೊದಲಿನ ಆರು ತಿಂಗಳ ಅಗದಿ ಕಠಿಣ. ಬೈತಲಿ ಮ್ಯಾಲೆ ಬಿಳಿ ಗೆರಿ, ಕೆಳಗ ಕರೆ. ನಮ್ಮ ಅತ್ತಿ ಅಂದ್ರು, ರಂಗೋಲಿ ಹಾಕ್ಕೊಂಡಂಗ ಐತಿ ಅಂತ. ಕೂದಲ ತಿಂಗಳಿಗೆ ಅರ್ಧ ಇಂಚ ಬೆಳಿತಾವ. ಸೊಂಟದ ಮಟ ಜಡಿ ಇದ್ರ ಪೂರಾ ಬಿಳಿ ಆಗಾಕ ನಾಕೈದ ವರ್ಷ ಬೇಕು, ಲೆಕ್ಕಾ ಹಾಕ್ರಿ. ನಾ ಭುಜದ ಮಟ ಕತ್ತರಿಸಿ ಒಗದೆ.

ಬಿಟ್ಟ ಮ್ಯಾಲೆ ಏನಾತು ಕೇಳ್ರಿ. ಬಸ್ಸಿನ್ಯಾಗ ಶಕ್ತಿ ಟಿಕೆಟ್ ತಗೋಳಾಕ ಆಧಾರ್ ತೋರಿಸಿದೆ. ಕಂಡಕ್ಟರ್ ಕಾರ್ಡ್ ನೋಡಲೇ ಇಲ್ಲ, ಹಿರಿಯ ನಾಗರಿಕರ ಸೀಟಿನ್ಯಾಗ ಕುಂತ ಹುಡುಗನ್ನ ಎಬ್ಬಿಸಿ, "ಅಜ್ಜಿಗೆ ಜಾಗಾ ಕೊಡೋ" ಅಂದ. ನನಗ ಆವಾಗ 49. ಒಂದು ನಿಮಿಷ ಸಿಟ್ಟ ಬಂತು. ಆಮ್ಯಾಲೆ ಹುಬ್ಬಳ್ಳಿ ತನಕಾ ಆರಾಮ ಕುಂತ ಹೋದೆ.

ಸೀಗೆಪುಡಿ
ಅಜ್ಜಿ ಪಟ್ಟಕ್ಕೆ ಸೀಟು ಸಿಗೋದಾದ್ರೆ ನಾನು ನಾಳೆನೇ ಬಿಡ್ತೀನಿ. ಮೆಜೆಸ್ಟಿಕ್‌ನಿಂದ ಕೆಂಗೇರಿ ದಿನಾ ನಿಂತ್ಕೊಂಡೇ ಹೋಗ್ತೀನಿ.

ಬಣ್ಣದ ಬುಗುರಿ 58
ಇಲ್ಲಿ ಎಲ್ಲರೂ ಬಿಳಿ ಕೂದಲಿಗೆ ಆರತಿ ಎತ್ತೋ ಹಾಗೆ ಕಾಣ್ತಿದೆ. ನಾನು 58, ಡೈ ಹಚ್ಚುತ್ತೇನೆ, ಹಚ್ಚೋದನ್ನ ಬಿಡಲ್ಲ. ಅಲರ್ಜಿ ಇರೋರಿಗೆ ಬೇಡ, ಒಪ್ಪಿದೆ. ಆದರೆ "ಸಹಜವಾಗಿ ಇರೋದೇ ಚೆಂದ" ಅಂತ ಉಳಿದವರಿಗೆ ಯಾಕೆ ಪಾಠ? ನಾನು ಬ್ಯಾಂಕಲ್ಲಿ ಕೌಂಟರ್ ಮೇಲೆ ಕೂತು ಮೂವತ್ತು ವರ್ಷ ದುಡಿದವಳು. ನರೆತ ತಲೆ ಮ್ಯಾನೇಜರ್‌ಗೆ "ಸಾರ್ ಅನುಭವಸ್ಥರು" ಅಂತಿದ್ರು. ಡೈ ತಪ್ಪಿಸಿದ ವಾರ ನನಗೆ ಅದೇ ಗಿರಾಕಿಗಳು, "ಏನಮ್ಮಾ, ಹುಷಾರಿಲ್ವಾ?" ಅಂತ ಕೇಳೋರು. ಹಚ್ಚೋದು ಬಿಡೋದು ನನ್ನಿಷ್ಟ.

ಧಾರವಾಡದಾಕಿ
ಯಾರೂ ಪಾಠ ಮಾಡಿಲ್ರಿ ಅಕ್ಕಾ. ನಾ ನನ್ನ ಕಥಿ ಹೇಳೀನಿ ಅಷ್ಟ.

ಬಣ್ಣದ ಬುಗುರಿ 58
ನಿಮಗಲ್ಲಮ್ಮ. ಒಟ್ಟಾರೆ ಗಾಳಿಗೆ ಹೇಳಿದೆ.

ಎಡಿಸನ್ ಅತ್ತಿಗೆ
ನ್ಯೂಜೆರ್ಸಿಯಿಂದ. ನನಗೂ ಪಿಪಿಡಿ ಆಗಲ್ಲ, ಐದು ವರ್ಷದಿಂದ ಗೋರಂಟಿ ಮತ್ತು ನೀಲಿ ಎಲೆ ಪುಡಿ, ಅದೇ ಇಂಡಿಗೋ. ಕ್ರಮ ಹೇಳ್ತೀನಿ, ನಾನು ಮಾಡಿದ ತಪ್ಪುಗಳ ಸಮೇತ.

ಮೊದಲು ಗೋರಂಟಿ. ಟೀ ಡಿಕಾಕ್ಷನ್‌ನಲ್ಲಿ ರಾತ್ರಿ ಕಲಸಿಟ್ಟು ಬೆಳಿಗ್ಗೆ ಹಚ್ಚಿ ಎರಡು-ಮೂರು ಗಂಟೆ. ಬರೀ ನೀರಲ್ಲಿ ತೊಳೀಬೇಕು. ಆಗ ಬಿಳಿ ಕೂದಲೆಲ್ಲ ಕಿತ್ತಳೆ ಆಗಿರುತ್ತೆ, ಗಾಬರಿ ಆಗ್ಬೇಡಿ. ಆಮೇಲೆ ಇಂಡಿಗೋ. ಇದನ್ನ ರಾತ್ರಿ ಕಲಸಿಡಬಾರದು! ಬೆಚ್ಚಗಿನ ನೀರು, ಚಿಟಿಕೆ ಉಪ್ಪು, ಕಾಲು ಗಂಟೆ ಬಿಟ್ಟು ತಕ್ಷಣ ಹಚ್ಚಬೇಕು. ಒಂದೂವರೆ ಗಂಟೆ. ತೊಳೆದಾಗ ಹಸಿರು-ಕಂದು ಇರುತ್ತೆ, ಒಂದೆರಡು ದಿನದಲ್ಲಿ ಕಪ್ಪಿಗೆ ತಿರುಗುತ್ತೆ. ಆ ಎರಡು ದಿನ ಶಾಂಪೂ ಮುಟ್ಟಬಾರದು. ನಾನು ಮೊದಲ ಸಲ ಇಂಡಿಗೋ ರಾತ್ರಿಯೇ ಕಲಸಿಟ್ಟೆ, ಬಣ್ಣವೇ ಹತ್ತಲಿಲ್ಲ. ಸೋಮವಾರ ಆಫೀಸಿಗೆ ಕಿತ್ತಳೆ ತಲೇಲಿ ಹೋದೆ. ಎರಡನೇ ಸಲ ಬಣ್ಣ ಚೆನ್ನಾಗಿ ಬಂತು, ಆದರೆ ದಿಂಬು, ಟವೆಲ್, ಬೆಳ್ಳಗಿದ್ದ ಬಾತ್‌ಟಬ್ ಎಲ್ಲಾ ನೀಲಿ. ಬಾಡಿಗೆ ಮನೆ.

ಒಂದು ಭಾನುವಾರ ಪೂರ್ತಿ ಹೋಗುತ್ತೆ, ಅದಕ್ಕೆ ತಯಾರಿದ್ರೆ ಮಾತ್ರ. ಪ್ಯಾಕೆಟ್ ಮೇಲೆ ಬರೀ ಎಲೆ ಹೆಸರು ಇರಬೇಕು, ಇನ್ನೇನಾದ್ರೂ ಇದ್ರೆ ವಾಪಸ್ ಇಡಿ. ಎಲೆ ಅಂತ ನಂಬಿ ತಲೆಪೂರ್ತಿ ಹಚ್ಚೋ ಮುಂಚೆ ಮೊಣಕೈ ಒಳಗೆ ಸ್ವಲ್ಪ ಹಚ್ಚಿ ನೋಡಿ.

ಕರಾವಳಿ ಗಾಳಿ
ಮಂಗಳೂರಿನ ಸೆಕೆಗೆ ಮೂರು ಗಂಟೆ ತಲೆ ಮೇಲೆ ಮಣ್ಣು ಹೊತ್ತ ಹಾಗೆ ಕೂರ್ಲಿಕ್ಕೆ ಯಾರಿಗೆ ಸಾಧ್ಯ ಮಾರಾಯ್ರೆ? ಅದರ ಮೇಲೆ ನಮಗೆ ಈಗ ಒಳಗಿಂದ ಒಂದು ಝಳ ಬರ್ತದಲ್ಲ, ಫ್ಯಾನಿನ ಅಡಿಯಲ್ಲೇ ಬೆವರುದು. ನಾನು ಕಾಡಿಗೆ ಹಾಕುದೇ ಬಿಟ್ಟೆ. ಹಾಕಿದ ಹತ್ತು ನಿಮಿಷಕ್ಕೆ ಯಕ್ಷಗಾನದ ರಾಕ್ಷಸ ವೇಷ ಆಗ್ತದೆ. ಕಣ್ಣಿಗೆ ಬೇರೆ ಎಂಥ ಹಾಕುದು?

ತುಮಕೂರು ಪಾರ್ಲರಮ್ಮ
ಕೆಳರೆಪ್ಪೆಗೆ ಏನೂ ಬೇಡ. ನೀರಿಗೆ ಕರಗದ ಕಂದು ಪೆನ್ಸಿಲ್ಲು, ಮೇಲುರೆಪ್ಪೆಗೆ ಮಾತ್ರ. ಈ ವಯಸ್ಸಿಗೆ ಕಡುಕಪ್ಪು ಕಣ್ಣನ್ನ ಸಣ್ಣ ಮಾಡುತ್ತೆ. ಹುಬ್ಬಿಗೂ ಕಂದು. ಮತ್ತೆ ದಯವಿಟ್ಟು ಹುಬ್ಬನ್ನ ದಾರದಷ್ಟು ತೆಳ್ಳಗೆ ಮಾಡಿಸ್ಬೇಡಿ, 45 ಆದ್ಮೇಲೆ ಕಿತ್ತದ್ದು ಎಲ್ಲಾ ವಾಪಸ್ ಬರಲ್ಲ.

ಇನ್ನೊಂದು: ಮನೇಲಿ ಕನ್ನಡಿ ಮುಂದೆ ಚಾಳೀಸು ಇಲ್ಲದೆ ಹುಬ್ಬು ಕೀಳೋರು ದಯಮಾಡಿ ನಿಲ್ಲಿಸಿ. ಸರಿಮಾಡೋಕೆ ನಮ್ಮ ಹತ್ರನೇ ಬರ್ತೀರಾ.

ಸೀಗೆಪುಡಿ
ಹುಬ್ಬು ಉದುರುತ್ತೆ, ಗದ್ದದ ಮೇಲೆ ಮಾತ್ರ ತಂತಿ ಥರದ್ದೊಂದು ಒಂಟಿ ಕೂದಲು ಎಲ್ಲಿಂದಲೋ ಬರುತ್ತೆ. ಇದ್ಯಾವ ನ್ಯಾಯ?

ಚರ್ಮದ ಡಾಕ್ಟ್ರಮ್ಮ
ಈಸ್ಟ್ರೋಜನ್ ಇಳಿಯುತ್ತೆ, ಗಂಡು ಹಾರ್ಮೋನು ಅಷ್ಟು ಇಳಿಯಲ್ಲ. ಅದರ ಕಾರುಬಾರು ಅದು. ಒಂದೆರಡಿದ್ರೆ ಕಿತ್ತು ಬಿಸಾಕಿ. ಏಕಾಏಕಿ ಮುಖದ ತುಂಬ ಬಂದ್ರೆ ತೋರಿಸಿ.

ಮೈಸೂರು ಪೇಪರ್‌ದೋಸೆ
ಡಾಕ್ಟ್ರೇ, ಸಿಕ್ಕಿದ್ದೀರಲ್ಲ. ಕೆನ್ನೆ ಮೇಲೆ ಬಂಗು ಎಂಟು ವರ್ಷದಿಂದ. ಪಕ್ಕದ ಮನೆಯವರು ಹೇಳಿದ ಟ್ಯೂಬು ಮೆಡಿಕಲ್ ಶಾಪಲ್ಲಿ ತಂದು ಹಚ್ಚಿದೆ. ಒಂದು ತಿಂಗಳು ಮುಖ ಬೆಳದಿಂಗಳು. ಬಿಟ್ಟ ಮೇಲೆ ಮೊದಲಿಗಿಂತ ಕಪ್ಪು, ಬಿಸಿಲಿಗೆ ಹೋದ್ರೆ ಉರಿ, ಸಣ್ಣ ಕೆಂಪು ನರಗಳು ಕಾಣುತ್ತೆ. ಮತ್ತೆ ಹಚ್ಚಿದ್ರೆ ಮತ್ತೆ ಸರಿಹೋಗುತ್ತೆ.

ಚರ್ಮದ ಡಾಕ್ಟ್ರಮ್ಮ
ಹಚ್ಚಿದ್ರೆ ಸರಿ, ಬಿಟ್ರೆ ಉರಿ. ಅದು ಸ್ಟೀರಾಯ್ಡ್ ಲಕ್ಷಣ. ಟ್ಯೂಬ್ ಮೇಲೆ ನೋಡಿ, ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್ ಅಂತ ಏನಾದ್ರೂ ಇರುತ್ತೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಕ್ರೀಮುಗಳನ್ನ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಕೌಂಟರಲ್ಲಿ ಸಿಗುತ್ತೆ, ನೀವೇ ಸಾಕ್ಷಿ. ನೀವಾಗಿ ಮುಂದುವರಿಸೋದೂ ಬೇಡ, ಒಮ್ಮೆಲೇ ಬಿಟ್ಟು ನರಳೋದೂ ಬೇಡ. ತೋರಿಸಿ, ಇಳಿಸೋ ಕ್ರಮ ಇದೆ.

ಹೆಸರು, ಪಟ್ಟಿ ಏನೂ ಇಲ್ಲದ ಡಬ್ಬಿ ಕ್ರೀಮು ಇನ್ನೂ ಅಪಾಯ, ಪಾದರಸ ಇರಬಹುದು. 2023ರಲ್ಲಿ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೇಲಿ ಬೆಳ್ಳಗಾಗೋ ಕ್ರೀಮ್ ಹಚ್ಚಿದವರಲ್ಲಿ ಕಿಡ್ನಿ ಕಾಯಿಲೆ ಕಂಡು ಸುದ್ದಿಯಾಗಿತ್ತು.

ಬಂಗಿಗೆ ಮೊದಲ ಔಷಧಿ ಸನ್‌ಸ್ಕ್ರೀನ್. ತೋರುಬೆರಳು, ಮಧ್ಯದ ಬೆರಳು, ಎರಡರ ಉದ್ದಕ್ಕೂ ಹಿಂಡಿದಷ್ಟು ಬೇಕು ಮುಖ-ಕತ್ತಿಗೆ. ನಮ್ಮೋರು ಹಣೆಗೆ ವಿಭೂತಿ ಹಚ್ಚಿದಷ್ಟು ಹಚ್ತಾರೆ. ಕಿಟಕಿ ಗಾಜು ಯುವಿ-ಎ ಕಿರಣ ಪೂರ್ತಿ ತಡೆಯಲ್ಲ, ಬಂಗು ಬರೀ ಬೆಳಕಿಗೂ ಏರುತ್ತೆ. ಅದಕ್ಕೇ ಐರನ್ ಆಕ್ಸೈಡ್ ಇರೋ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಬಂಗಿಗೆ ಮೇಲು. ಸ್ಕೂಟರ್ ಓಡಿಸೋರು ಕೈ ಮುಚ್ಕೊಳ್ಳಿ. ಮುಖಕ್ಕಿಂತ ಮೊದಲು ವಯಸ್ಸು ಹೇಳೋದು ಮುಂಗೈ.

ಬೋಳುಗುಡ್ಡ
ನೆತ್ತಿಗೆ ಎಷ್ಟು ಬೆರಳು ಡಾಕ್ಟ್ರೇ? ಗಂಭೀರವಾಗಿ ಕೇಳ್ತಿದೀನಿ.

ಚರ್ಮದ ಡಾಕ್ಟ್ರಮ್ಮ
ಟೋಪಿ ಹಾಕಿ ಸಾರ್. ಅಗ್ಗ.

ಮಲೆನಾಡ ಗರುಗ
ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ, ಮೈಗೆ ಮೈಸೂರು ಸ್ಯಾಂಡಲ್. ನನಗೆ 52, ಇಷ್ಟೇ ಬಳಸೋದು, ಬಂಗೂ ಇಲ್ಲ ಭಂಗವೂ ಇಲ್ಲ.

ಸೀಗೆಪುಡಿ
ಮೈಸೂರು ಸ್ಯಾಂಡಲ್ ಅಂದಾಗ ನೆನಪಾಯ್ತು. 2025ರಲ್ಲಿ ತಮನ್ನಾಗೆ ಎರಡು ವರ್ಷಕ್ಕೆ 6.20 ಕೋಟಿ ಕೊಟ್ಟು ರಾಯಭಾರಿ ಮಾಡಿದ್ರಲ್ಲ. ನಮ್ಮಮ್ಮ ಐವತ್ತು ವರ್ಷದಿಂದ ಅದೇ ಸೋಪು, ಒಂದು ರೂಪಾಯಿ ಕೊಡಲಿಲ್ಲ ಯಾರೂ.

ಸುಮ್ನೆ ಓದೋನು
ಕನ್ನಡದ ನಟಿಯರು ಯಾರೂ ಸಿಗಲಿಲ್ವಾ ಅನ್ನೋದೇ ನನ್ನ ಪ್ರಶ್ನೆ ಆಗಲೂ, ಈಗಲೂ.

ಕೆಮಿಸ್ಟ್ರಿ ಮೇಷ್ಟ್ರು
ಹೊರರಾಜ್ಯದಲ್ಲಿ ಮಾರೋಕೆ ಅಂತ ಅವರ ಸಮಜಾಯಿಷಿ. ಅದಿರಲಿ, ಆ ಸೋಪಿನ ಕಥೆಯೇ ಸ್ವಾರಸ್ಯ. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಯೂರೋಪಿಗೆ ಹೋಗೋದು ನಿಂತು ಇಲ್ಲೇ ರಾಶಿ ಬಿತ್ತು. ಆಗ ನಾಲ್ವಡಿಯವರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಎಣ್ಣೆ ಕಾರ್ಖಾನೆ ಶುರುವಾಯ್ತು, ಆಮೇಲೆ ಸೋಪು.

ಬಣ್ಣದ ಬುಗುರಿ 58
ಮೇಷ್ಟ್ರೇ, ಆಯಮ್ಮ ಬ್ಲೌಸಿನ ಪ್ರಶ್ನೆ ಕೇಳಿದ್ದು.

ಖಣದ ಕುಪ್ಪಸ
ಬ್ಲೌಸಿಗೆ ನಾನು ಬರ್ತೀನಿ. ಬಾಗಲಕೋಟೆ ಕಡೆಯವಳು, ಸೀರೆ ವ್ಯಾಪಾರ ನಮ್ಮ ಮನೆತನದ್ದು.

ಅಳತೆ ಬ್ಲೌಸು ಕೊಡೋದು ನಿಲ್ಲಿಸಿ, ಮೈ ಅಳತೆ ಕೊಡಿ. ಅದಕ್ಕೂ ಮುಂಚೆ ಒಳಉಡುಪು ಹೊಸದು ತಗೊಳ್ಳಿ, ಅದನ್ನ ಹಾಕ್ಕೊಂಡು ಅಳತೆ ಕೊಡಿ. ಹತ್ತು ವರ್ಷದ ಹಿಂದಿನ ಸೈಜು ಈಗಿನದ್ದಾಗಿರಲ್ಲ. ಅರ್ಧ ಜನಕ್ಕೆ ಬ್ಲೌಸು ಕೂರದೇ ಇರೋದು ಟೈಲರ್ ತಪ್ಪಲ್ಲ. ತೋಳು ಮೊಣಕೈವರೆಗೆ ಇಳಿಸಿ, ಕಂಕುಳ ಹತ್ರ ಬಿಗಿ ಬೇಡ, ಎರಡೂ ಪಕ್ಕ ಒಂದಿಂಚು ಬಟ್ಟೆ ಒಳಗೆ ಬಿಡಿಸಿ. ಗುಳೇದಗುಡ್ಡದ ಖಣ ತಗೊಂಡ್ರೆ ಒಂದು ಬ್ಲೌಸು ನಾಕು ಸಾದಾ ಸೀರೆಗೆ ನಡೆಯುತ್ತೆ.

ಸೀರೆಗೆ ಬಂದ್ರೆ, ಗರಿಗರಿ ಗಂಜಿ ಹಾಕಿದ್ದು ಸೊಂಟದಲ್ಲಿ ಉಬ್ಬುತ್ತೆ, ಮೈಸೂರು ರೇಷ್ಮೆ ಇಳಿಬೀಳುತ್ತೆ. ಇಳಕಲ್ಲಿನ ತೋಪ ತೆನಿ ಸೆರಗಿನ ಕೆಂಪು ಮುಖಕ್ಕೆ ಕಳೆ ಕೊಡುತ್ತೆ, ಬಿಳಿ ಕೂದಲಿಗಂತೂ ಹೇಳಿ ಮಾಡಿಸಿದ್ದು. ನಮ್ಮವ್ವ ಎಪ್ಪತ್ತರಲ್ಲಿ ಇಳಕಲ್ ಉಟ್ಟು ಹೊರಟ್ರೆ ಓಣಿ ಮಂದಿ ತಿರುಗಿ ನೋಡ್ತಾರೆ. ವಯಸ್ಸಾಯ್ತು ಅಂತ ಬೂದಿ ಬಣ್ಣ, ಮಣ್ಣು ಬಣ್ಣಕ್ಕೆ ಇಳೀತಾರಲ್ಲ, ಅದು ನನಗೆ ಸೇರಲ್ಲ.

ಚರ್ಮದ ಡಾಕ್ಟ್ರಮ್ಮ
ಸೀರೆ ಮಾತು ಬಂದದ್ದಕ್ಕೆ: ಪೆಟಿಕೋಟ್ ಲಾಡಿ ಬಿಗಿಯಾಗಿ ಎಳೆದು ಒಂದೇ ಜಾಗಕ್ಕೆ ಕಟ್ಟೋರು ಸೊಂಟ ನೋಡ್ಕೊಳ್ಳಿ. ಕಪ್ಪು ಗೆರೆ, ಒರಟು ಚರ್ಮ ಬಹಳ ಜನಕ್ಕಿರುತ್ತೆ. ಅಲ್ಲಿ ವಾಸಿಯಾಗದ ಹುಣ್ಣಿದ್ರೆ ಸುಮ್ಮನಿರಬೇಡಿ. ಅಂಥ ಹುಣ್ಣು ಕ್ಯಾನ್ಸರ್‌ಗೆ ತಿರುಗಿದ ಎರಡು ಪ್ರಕರಣಗಳನ್ನ ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು 2024ರಲ್ಲಿ ವರದಿ ಮಾಡಿದ್ರು. ಅಪರೂಪ, ಆದರೆ ಅಗಲ ಪಟ್ಟಿಯ ಪೆಟಿಕೋಟಿಗೆ ಏನು ಮಹಾ ಖರ್ಚು?

ಹಾಗೇ ಹಣೇಲಿ ಸ್ಟಿಕ್ಕರ್ ಜಾಗದಲ್ಲಿ ಬಿಳಿ ಮಚ್ಚೆ ಶುರುವಾಗಿದ್ರೆ ಸ್ಟಿಕ್ಕರ್ ನಿಲ್ಲಿಸಿ. ಕೆಲವು ಅಂಟಿನಲ್ಲಿರೋ ರಾಸಾಯನಿಕ ಚರ್ಮದ ಬಣ್ಣ ತಿನ್ನುತ್ತೆ.

ಕರಾವಳಿ ಗಾಳಿ
ಕಿವಿ ಬಿಟ್ಟಿರಿ. ದೊಡ್ಡ ಜುಮಕಿ ಹಾಕಿ ಹಾಕಿ ನನ್ನ ಕಿವಿತೂತು ಗೀರಿನ ಹಾಗೆ ಉದ್ದ ಆಗಿದೆ. ಈಗ ಮಾಟಿ ಸಿಕ್ಕಿಸಿ ಭಾರ ಕೂದಲಿಗೆ ಕೊಡುದು. ಹಿಂದಿನವರು ಎಂಥ ದಡ್ಡರಲ್ಲ.

ಒಂಟಿ ಸಂಪಿಗೆ
ಇದನ್ನೆಲ್ಲ ಓದ್ತಾ ಬರೆಯೋಣವೋ ಬೇಡವೋ ಅಂತ ಎರಡು ದಿನ ಸುಮ್ಮನಿದ್ದೆ.

ನನಗೆ 50. ಯಜಮಾನರು ಹೋಗಿ ನಾಲ್ಕು ವರ್ಷ. ನೀವು ಡೈ ಬಿಡೋದಾ ಬೇಡವಾ ಅಂತ ಕೇಳ್ತಿದ್ದೀರಿ. ನನ್ನ ಡೈ ನಾನು ಬಿಟ್ಟದ್ದಲ್ಲ, ಬಿಡಿಸಿದ್ದು. ಹದಿಮೂರನೇ ದಿನ ಕಳೆದ ಮೇಲೆ ನನ್ನ ಬೀರುವಿನಿಂದ ಕೆಂಪು, ಹಸಿರು ಸೀರೆ ತೆಗೆದು "ಇನ್ನು ನಿನಗೇಕೆ" ಅಂತ ಹಂಚಿಕೊಂಡರು. ಜಗಳ ಆಡೋ ತ್ರಾಣ ಇರಲಿಲ್ಲ. ಮೂರು ವರ್ಷ ಬೂದಿ ಬಣ್ಣದಲ್ಲೇ ಸ್ಕೂಲಿಗೆ ಹೋದೆ. ಪಾಠ ಮಾಡೋಳು ನಾನು, ಮೂರನೇ ಕ್ಲಾಸು. ಕಳೆದ ವರ್ಷ ಶಿಕ್ಷಕರ ದಿನ ಒಂದು ಹುಡುಗಿ ಸಂಪಿಗೆ ತಂದು, "ಮಿಸ್, ಮುಡ್ಕೊಳ್ಳಿ" ಅಂತ ಕೊಟ್ಟಳು. ಟೇಬಲ್ ಮೇಲಿಟ್ಟೆ. "ಮುಡ್ಕೊಳ್ಳಿ ಮಿಸ್" ಅಂತ ಅಲ್ಲೇ ನಿಂತಳು. ಮುಡ್ಕೊಂಡೆ. ಸಂಜೆ ಮನೆ ತಿರುವಿನಲ್ಲಿ ತೆಗೆದು ಬ್ಯಾಗಿಗೆ ಹಾಕ್ಕೊಂಡೆ.

ಈಗ ತೆಗೆಯಲ್ಲ. ಮೊನ್ನೆ ಹಸಿರು ಸೀರೆ ತಂದೆ. ಮದುವೆ ಮನೆಗಳಿಗೆ ಹಸಿರು ಉಟ್ಟು ಹೋಗೋ ಧೈರ್ಯ ಇನ್ನೂ ಬಂದಿಲ್ಲ.

ಧಾರವಾಡದಾಕಿ
ಅಕ್ಕಾರ, ನಮ್ಮ ಮನ್ಯಾಗ ಮುಂದಿನ ತಿಂಗಳ ಸೀಮಂತ ಐತಿ. ಹಸರ ಸೀರಿ ಉಟ್ಕೊಂಡ ಬರ್ರಿ. ನಾ ಕರೀಲಾಕತ್ತೀನಿ.

ಕರಾವಳಿ ಗಾಳಿ
ನಮ್ಮ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ಗಂಡ ತೀರಿಹೋದ ಇಬ್ಬರು ಹೆಂಗಸರನ್ನೇ ಅರ್ಚಕರಾಗಿ ಮಾಡಿದ್ರು. ದೇವರಿಗೇ ಅಡ್ಡಿ ಇಲ್ಲ. ಸೀರೆ ಹಂಚಿಕೊಂಡವರಿಗೆ ನಾಚಿಕೆ ಆಗ್ಬೇಕು.

ಬಣ್ಣದ ಬುಗುರಿ 58
ನಾನು ಮೇಲೆ ಜಗಳಕ್ಕೆ ನಿಂತದ್ದು ಇದಕ್ಕೇ. ಯಾರಿಗೋ ಬೇಕು ಅಂತ ಹಚ್ಚೋದೂ ಬೇಡ, ಯಾರಿಗೋ ಬೇಡ ಅಂತ ಬಿಡೋದೂ ಬೇಡ. ಸಂಪಿಗೆ ಅವರೇ, ಹಸಿರಿಗೆ ಯಾವ ಬಣ್ಣದ ಬ್ಲೌಸು?

ಒಂಟಿ ಸಂಪಿಗೆ
ಇನ್ನೂ ಹೊಲಿಸಿಲ್ಲ. ಖಣ ಹುಡುಕ್ತಿದೀನಿ 🙂

ಸುಮ್ನೆ ಓದೋನು
ತಪ್ಪು ತಿಳ್ಕೋಬೇಡಿ, ಆದರೆ ಸನ್‌ಸ್ಕ್ರೀನು, ಪ್ಯಾಚ್ ಪರೀಕ್ಷೆ, ಖಣ, ರೇಷ್ಮೆ... ಇದೆಲ್ಲ ಕಾಸಿದ್ದೋರ ಖಯಾಲಿ. ನಮ್ಮಮ್ಮ ಗಾರ್ಮೆಂಟ್ಸಲ್ಲಿ ದುಡಿದೋಳು, ಮುಖಕ್ಕೆ ಪೌಡರ್ ಬಿಟ್ರೆ ಏನೂ ಹಚ್ಲಿಲ್ಲ.

ತುಮಕೂರು ಪಾರ್ಲರಮ್ಮ
ನಮ್ಮ ಪಾರ್ಲರಿಗೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ ಜಾಸ್ತಿ ಬರೋದಪ್ಪ, ಸಂಬಳದ ವಾರ. ಹುಬ್ಬು ತಿದ್ದಿಸ್ಕೊಂಡು ಹತ್ತು ನಿಮಿಷ ಕಣ್ಣು ಮುಚ್ಚಿ ಕೂರ್ತಾರೆ. ಎಷ್ಟೋ ಸಲ ಹಾಗೇ ನಿದ್ದೆ ಹೋಗಿರ್ತಾರೆ, ನಾನು ಎಬ್ಬಿಸಲ್ಲ. ನಿಮ್ಮಮ್ಮನ್ನ ಒಂದು ಸಲ ಕೇಳಿ ನೋಡಿ, ಏನಾದ್ರೂ ಹಚ್ಕೋಬೇಕು ಅಂತ ಅನ್ನಿಸಿತ್ತಾ ಅಂತ.

ಸುಮ್ನೆ ಓದೋನು
ಕೇಳಿದೆ. "ಗುಲಾಬಿ ಬಣ್ಣದ ಲಿಪ್‌ಸ್ಟಿಕ್" ಅಂದ್ರು. ಸರಿ, ನಾನು ಸುಮ್ನೆ ಓದ್ತೀನಿ.

ಅಳತೆಬ್ಲೌಸು
ಎಲ್ಲರಿಗೂ ಥ್ಯಾಂಕ್ಸ್. ಮದುವೆ ಮುಗಿದು ಮೂರು ವಾರ ಆಯ್ತು, ವರದಿ ಒಪ್ಪಿಸ್ತೀನಿ.

ಪ್ಯಾಚ್ ಪರೀಕ್ಷೇಲಿ ಪಿಪಿಡಿ ಜಾಗ ಬೆನ್ನ ಮೇಲೆ ಕೆಂಪಗೆ ಬೊಬ್ಬೆ ಎದ್ದಿತ್ತು. ಡೈ ಅವತ್ತೇ ನಿಂತಿತು. ಎಡಿಸನ್ ಅತ್ತಿಗೆಯವರ ಇಂಡಿಗೋ ಮಾಡೋಣ ಅಂದ್ಕೊಂಡೆ, ಮದುವೆ ಓಡಾಟದಲ್ಲಿ ಭಾನುವಾರವೇ ಸಿಗಲಿಲ್ಲ. ಭುಜದವರೆಗೆ ಕತ್ತರಿಸಿಬಿಟ್ಟೆ. ಮದುವೆ ಹೊತ್ತಿಗೆ ಬೈತಲೇಲಿ ಒಂದಿಂಚು ಚಿಲ್ಲರೆ ಬಿಳಿ. ಬೈತಲೆ ಪಕ್ಕಕ್ಕೆ ತೆಗೆದು ಮಲ್ಲಿಗೆ ದಂಡೆ ಹಾಕ್ಕೊಂಡೆ. ಪೂರ್ತಿ ಮುಚ್ಚಲಿಲ್ಲ. ಮುಂದಿಂದ ಯಾರು ನೋಡಿದ್ರೂ ಗೊತ್ತಾಗ್ತಿತ್ತು. ಅಮ್ಮನ ಹಳೇ ಕೆಂಪು ರೇಷ್ಮೆ, ಖಣದ ಬ್ಲೌಸು, ಮೈ ಅಳತೆ ಕೊಟ್ಟು ಹೊಲಿಸಿದ್ದು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಕೈ ಎತ್ತಿ ಅಕ್ಷತೆ ಹಾಕಿದೆ.

ಅಕ್ಕ ಛತ್ರಕ್ಕೆ ಬಂದ ದಿನ ಮುಖ ಊದಿಸ್ಕೊಂಡಿದ್ಲು, ಮಾತೇ ಇಲ್ಲ. ಧಾರೆ ದಿನ ಬೆಳಿಗ್ಗೆ ಹೆಣ್ಣಿನ ಕೋಣೇಲಿ ಯಾರೂ ಇಲ್ಲದಾಗ ಹತ್ರ ಬಂದು, "ಆ ಡಾಕ್ಟ್ರ ನಂಬರ್ ಕಳಿಸೇ. ನಂಗೂ ಕಿವಿ ಹಿಂದೆ ಒಂದು ವರ್ಷದಿಂದ ಕೆರೀತಿದೆ" ಅಂದ್ಲು.

ಆದರೆ ಕಥೆ ಮುಗಿದಿಲ್ಲ. ನಿನ್ನೆ ಆಲ್ಬಂ ಬಂತು. ಎಲ್ಲಾ ಫೋಟೋದಲ್ಲೂ ನನ್ನ ತಲೆ ಕಡುಕಪ್ಪು! ಮುಖದಲ್ಲಿ ಬಂಗಿಲ್ಲ, ಗೆರೆ ಇಲ್ಲ, ನಾನೇ ಇಲ್ಲ. ಫೋಟೋಗ್ರಾಫರ್‌ಗೆ ಫೋನ್ ಮಾಡಿದ್ರೆ, "ಫ್ರೀಯಾಗೇ ಮಾಡಿಕೊಟ್ಟಿದೀನಿ ಮೇಡಂ, ಎಲ್ಲಾ ಆಂಟೀರಿಗೂ ಮಾಡ್ತೀನಿ" ಅಂದ. ವಾಪಸ್ ಬಿಳಿ ಮಾಡು ಅಂದ್ರೆ ಹಾಳೆಗೆ ಇಷ್ಟು ಅಂತ ದುಡ್ಡು ಕೇಳ್ತಿದಾನೆ.

ಬೋಳುಗುಡ್ಡ
ಆ ಫೋಟೋಗ್ರಾಫರ್ ನಂಬರ್ ನನಗೆ ಬೇಕು. ಫ್ರೀಯಾಗಿ ಎಷ್ಟು ಕೂದಲು ಕೊಡ್ತಾನೆ ಕೇಳ್ಬೇಕು.

ಧಾರವಾಡದಾಕಿ
ಒಂದ ರೂಪಾಯಿ ಕೊಡಬ್ಯಾಡ್ರಿ. ಕೇಳದ ಮಾಡಿದ್ದು ಅಂವಾ, ಅಂವನ ಬಿಳಿ ಮಾಡಿ ಕೊಡ್ಲಿ.

ಬಣ್ಣದ ಬುಗುರಿ 58
ಮುಖದ ಗೆರೆ ವಾಪಸ್ ಹಾಕಿಸ್ಕೊಳ್ಳಿ. ಕೂದಲು ಒಂದೆರಡು ಹಾಳೇಲಿ ಕಪ್ಪಗೇ ಇರಲಿ ಬಿಡಿ, ಚೆನ್ನಾಗಿರುತ್ತೆ.

ಸೀಗೆಪುಡಿ
ಡಾಕ್ಟ್ರ ನಂಬರ್ ಅಕ್ಕನಿಗೆ ಸಿಕ್ತು, ಫೋಟೋಗ್ರಾಫರ್ ನಂಬರ್ ಸಾರ್‌ಗೆ ಬೇಕಂತೆ. ನಾನು ಮೊದಲನೇ ದಿನವೇ ಕೇಳಿದ ಟೈಲರ್ ನಂಬರ್ ಎಲ್ರೀ?